ಸೀಗೆಪಾಳ್ಯದ ಬಾಗಿಲು ವೇದಿಕೆ

ಸೀಗೆಪಾಳ್ಯ, ಹೊಳವನಹಳ್ಳಿ ಹೋಬಳಿ
4 ಆಗಸ್ಟ್ 2025

ಓಬಳಯ್ಯ ತಾತನಿಗೆ,

ನಾನು ಭವ್ಯ. ಸೋಬಾನೆ ಈಶ್ವರಮ್ಮನ ಮೊಮ್ಮಗಳು. ನೀವು ಕಂಡಕ್ಟರ್ ಆಗಿದ್ದಾಗ ನಿಮ್ಮ ವಿಸಿಲ್ ಕಿತ್ತುಕೊಂಡು ಊದಿ, ನೀವಿಲ್ಲದೆಯೇ ಬಸ್ಸು ಹೊರಡಿಸಿದ ಹುಡುಗಿ ಅಂದರೆ ನೆನಪಾಗಬಹುದು. ಆಗ ನಾನು ಒಂದನೇ ಕ್ಲಾಸು.

ಹೋದ ವಾರ ಫೋನ್ ಮಾಡಿದ್ದೆ. ಯಶೋಧರಾ ಅಕ್ಕ ಫೋನನ್ನು ನಿಮ್ಮ ಕಿವಿಗೇ ಹಿಡಿದರು. ನಾನು ಎಷ್ಟು ಕೂಗಿದರೂ ನೀವು ‘ಹೂಂ ಕಣಮ್ಮ, ಎಲ್ಲಾ ಚೆನ್ನಾಗವ್ರೆ’ ಅಂತ ಒಂದೇ ಮಾತು ಹೇಳುತ್ತಿದ್ದಿರಿ. ‘ಅರೆವಾದ್ಯ ಬಾರಿಸಿ ಬಾರಿಸಿ ಅಪ್ಪನ ಕಿವಿ ಹೋಗಿದೆ, ಕಣ್ಣು ಚೆನ್ನಾಗಿದೆ, ಕಾಗದ ಬರಿ’ ಅಂದರು ಅಕ್ಕ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದಾಗಿದೆ, ಚೆಂದವಾಗಿಲ್ಲ.

ವಿಷಯ ಇಷ್ಟು. ನಮ್ಮ ನಾಲ್ಕು ತಾಲ್ಲೂಕಿನ ಜನಕಲಾ ಹಬ್ಬಕ್ಕೆ ಈ ಸಲ ಇಪ್ಪತ್ತೈದು. ಕೊರೋನಾದಲ್ಲಿ ನಿಂತ ಎರಡು ವರ್ಷ ಬಿಟ್ಟು ಲೆಕ್ಕ. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಅಂತ ಸುತ್ತಿ ಸುತ್ತಿ ಅದು ಶುರುವಾದ ಊರಿಗೇ ಮತ್ತೆ ಬಂದಿದೆ. ಅಕ್ಟೋಬರ್ ಹನ್ನೊಂದು, ಹನ್ನೆರಡು. ಹಬ್ಬದ ಚರಿತ್ರೆ ಬರೆಯಲು ಒಬ್ಬರು ಬೇಕಿತ್ತು. ಓದಿದವರೆಲ್ಲ ಬಿಡುವಿಲ್ಲ ಅಂದರು. ‘ಭವ್ಯ ಹೆಂಗೂ ಸುಮ್ನೆ ತಿರುಗ್ತಿರ್ತಾಳೆ, ಅವಳ ಕೈಲಿ ಬರೆಸಿ’ ಅಂದ ಬಸವೇಶಣ್ಣ. ನಾನು ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು. ಕೂತು ಬರೆಯುವುದು ನನ್ನ ಜಾಯಮಾನವಲ್ಲ. ಆದರೂ ಒಪ್ಪಿಕೊಂಡೆ.

ಬಸವೇಶಣ್ಣ ಅಂದರೆ ಮಲ್ಲಿಕಾರ್ಜುನಯ್ಯನವರ ಮಗ. ಈಗ ಕೊರಟಗೆರೆಯಲ್ಲಿ ಶಾಮಿಯಾನ ಅಂಗಡಿ ಇಟ್ಟಿದ್ದಾನೆ. ಈ ಸಲದ ಹಬ್ಬಕ್ಕೆ ಅವನೇ ಅಧ್ಯಕ್ಷ. ಆಳೆತ್ತರದ ಕಬ್ಬಿಣದ ವೇದಿಕೆ, ಹಿಂದೆ ದೊಡ್ಡ ಎಲ್‌ಇಡಿ ಪರದೆ, ಎಲ್ಲಾ ತನ್ನ ಕಡೆಯಿಂದಲೇ ಅನ್ನುತ್ತಿದ್ದಾನೆ. ಇಷ್ಟು ವರ್ಷ ಹಬ್ಬ ನಡೆದದ್ದು ನೆಲದ ಮೇಲೆ: ನಡುವೆ ಆಡುವವರು, ಸುತ್ತ ನೋಡುವವರು. ವೇದಿಕೆ ಬೇಕು ಅಂತ ಅರ್ಧ ಊರು, ಬೇಡ ಅಂತ ಅರ್ಧ ಊರು. ಸಭೆಯಲ್ಲಿ ಗಲಾಟೆಯಾಗಿ ಕೊನೆಗೆ ಒಂದು ಮಾತಾಯಿತು. ಮೊದಲ ಹಬ್ಬ ಹೇಗೆ ನಡೆಯಿತೋ ಇಪ್ಪತ್ತೈದನೆಯದೂ ಹಾಗೇ ನಡೆಯಲಿ. ಅವತ್ತು ವೇದಿಕೆ ಇದ್ದರೆ ಇವತ್ತೂ ಇರಲಿ, ಇಲ್ಲದಿದ್ದರೆ ಬೇಡ.

ಇಷ್ಟಾದ ಮೇಲೆ ಹಳಬರನ್ನು ಕೇಳಿದರೆ ಒಬ್ಬರು ಇತ್ತು ಅಂತ ದೇವರ ಆಣೆ ಇಡುತ್ತಾರೆ, ಇನ್ನೊಬ್ಬರು ಇರಲಿಲ್ಲ ಅಂತ ಅದೇ ದೇವರ ಆಣೆ ಇಡುತ್ತಾರೆ. ಮಲ್ಲಿಕಾರ್ಜುನಯ್ಯನವರು, ‘ಇತ್ತು ಅಂದ್ರೆ ಮಗನ ಪರ ಅಂತೀರ, ಇರ್ಲಿಲ್ಲ ಅಂದ್ರೆ ಮಗ ಮುಖ ಊದಿಸ್ಕಂತಾನೆ, ನನ್ನ ಬುಟ್ಬುಡಿ’ ಅಂದರು. ಅಜ್ಜಿಯನ್ನು ಕೇಳಿದರೆ ‘ಓಬಳಣ್ಣ ಹೇಳ್ಬೇಕಾದ್ದು ಅದು, ನಾವ್ ಹೇಳಿದ್ರೆ ಅವನಿಗೆ ಬೇಜಾರಾಯ್ತದೆ’ ಅನ್ನುತ್ತಾಳೆ. ಹಾಗಾಗಿ ಹಬ್ಬ ಹುಟ್ಟಿಸಿದ ನಿಮ್ಮ ಮಾತೇ ಕೊನೆ ಮಾತು ಅಂತ ಸಭೆ ಒಪ್ಪಿದೆ.

ನಾನು ಯಾವ ಕಡೆ ಅಂತ ಹೇಳುವುದಿಲ್ಲ. ಹೇಳಿದರೆ ನೀವು ನನ್ನ ಮುಖ ನೋಡಿ ಬರೆದುಬಿಡುತ್ತೀರಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನಿಮ್ಮ ಕಾಗದವನ್ನು ಒಂದಕ್ಷರ ಬಿಡದೆ ಓದುತ್ತೇನೆ ಅಂತ ಸಭೆಗೆ ಮಾತು ಕೊಟ್ಟಿದ್ದೇನೆ.

ಭವ್ಯ

*

ಲಿಂಗಸುಗೂರು
15 ಆಗಸ್ಟ್ 2025

ಭವ್ಯಳಿಗೆ ಓಬಳಯ್ಯ ತಾತನ ಆಶೀರ್ವಾದ.

ವಿಸಿಲ್ ಊದಿದವಳು ನೀನೇನಾ! ಹೊಳವನಹಳ್ಳಿ ದಾಟಿದ ಮೇಲೆ ಡ್ರೈವರ್ ತಿರುಗಿ ನೋಡಿದರೆ ಕಂಡಕ್ಟರೇ ಇಲ್ಲ. ನಾನು ಯಾರದೋ ಸೈಕಲ್ ಹತ್ತಿ ಬಸ್ಸಿನ ಹಿಂದೆ ಹೋದೆ. ಅವತ್ತು ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದವರೆಲ್ಲ ನಿನಗೆ ಹರಸಿರುತ್ತಾರೆ.

ಹಬ್ಬ ಹುಟ್ಟಿಸಿದವನು ನಾನಲ್ಲ. ಪಂಚರ್ ಆದ ಟೈರು. ನಮ್ಮದು ನಮ್ಮೂರಿಂದ ಕೊರಟಗೆರೆ, ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸು. ಒಂದು ದಿನ ಮಧುಗಿರಿ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಟೈರು ಕೂತಿತು. ಸ್ಟೆಪ್ನಿ ತೆಗೆದರೆ ಅದೂ ಕೂತಿತ್ತು. ಡ್ರೈವರು ಟೈರು ಉರುಳಿಸಿಕೊಂಡು ಹೋದ. ಮದುವೆಗೆ ಹೊರಟಿದ್ದ ಕಳ್ಳಂಬೆಳ್ಳದ ಹೆಂಗಸರು ಮಧುಗಿರಿಯಲ್ಲಿ ನಮ್ಮ ಬಸ್ಸು ಹಿಡಿದಿದ್ದರು. ಹುಣಸೆಮರದ ಕೆಳಗೆ ಕೂತು ಒಂದು ಸೋಬಾನೆ ಎತ್ತಿದರು. ಪಾವಗಡ ಕಡೆಯ ಕೋಲಾಟದ ಭೀಮರಾಜು ಕಿವಿ ಕೊಟ್ಟು ಕೇಳಿ, ‘ಇದೇ ಪಾಟ ಮಾ ಊರ್ಲೋ ತೆಲುಗುಲೋ ಪಾಡ್ತಾರಮ್ಮಾ’ ಅಂದ. ಅದೇ ಹಾಡನ್ನು ಅವರ ಊರಲ್ಲಿ ತೆಲುಗಿನಲ್ಲಿ ಹಾಡುತ್ತಾರಂತೆ. ಸರಿ, ಅವರೊಂದು ಸೊಲ್ಲು, ಇವನೊಂದು ಸೊಲ್ಲು. ಟೈರು ಬಂತು, ಕೂರಿಸಿದ್ದಾಯಿತು, ನಾನು ವಿಸಿಲ್ ಊದಿದ್ದೇ ಊದಿದ್ದು. ‘ಲೇ ಓಬಳ, ಇನ್ನೊಂದ್ ಪದ ಆಗ್ಲಿ ಸುಮ್ಕಿರ್ಲಾ’ ಅಂತ ನನ್ನನ್ನೇ ಬೈದರು.

ಅಂದಿನಿಂದ ಟಿಕೆಟ್ ಹರಿಯುವಾಗ ಎಲ್ಲರನ್ನೂ ಕೇಳತೊಡಗಿದೆ. ಎಲ್ಲಿಗೆ? ಚಿಲ್ಲರೆ ಇದೆಯಾ? ಪದ ಬರುತ್ತಾ? ಹೀಗೆ ನಾಲ್ಕು ತಾಲ್ಲೂಕಿನ ಪದಗಾರರು ಬಸ್ಸಿನಲ್ಲೇ ಸಿಕ್ಕರು. ಒಂದು ದಿನ ಎಲ್ಲರೂ ಸೀಗೆಪಾಳ್ಯಕ್ಕೆ ಬನ್ನಿ ಅಂದೆ. ಬಂದರು. 1999.

ಈಗ ವೇದಿಕೆ ವಿಷಯ. ಇತ್ತು ಮಗಳೇ! ಇರಲಿಲ್ಲ ಅಂದವರನ್ನು ನನ್ನ ಮುಂದೆ ಕರೆದುಕೊಂಡು ಬಾ. ಕಟ್ಟಿದವನೇ ನಾನು. ಹಲಗೆ ತರಲು ದಿಕ್ಕಿರಲಿಲ್ಲ. ಊರ ಬಾಗಿಲುಗಳನ್ನೇ ಬಿಚ್ಚಿ ಜೋಡಿಸಿದರೆ ಹೇಗೆ ಅಂತ ಹೊಳೆಯಿತು. ಆಗಿನ ಬಾಗಿಲು ಮೇಲೊಂದು ಕೆಳಗೊಂದು ಗೂಟದ ಮೇಲೆ ತಿರುಗುತ್ತಿತ್ತು. ಇಬ್ಬರು ಹಿಡಿದು ಎತ್ತಿದರೆ ಬಂದುಬಿಡುತ್ತಿತ್ತು. ಮೊದಲು ಕೊಟ್ಟವರು ಮಲ್ಲಿಕಾರ್ಜುನಯ್ಯನವರು. ತೇಗದ್ದು, ತಾವರೆ ಕೆತ್ತಿದ್ದು, ಹಿತ್ತಾಳೆ ಬಳೆ ಬೇರೆ. ಅವರು ಕೊಟ್ಟರು ಅಂತ ಅವರ ಬೀದಿ ಕೊಟ್ಟಿತು. ಬೀದಿ ಕೊಟ್ಟಿತು ಅಂತ ನಮ್ಮ ಕೇರಿ ಕೊಟ್ಟಿತು. ನಿಮ್ಮಜ್ಜಿಯದು ಎಣ್ಣೆ ಡಬ್ಬ ಬಡಿದು ಮಾಡಿದ ತಗಡಿನ ಬಾಗಿಲು. ಅದನ್ನೂ ತಂದಳು. ಕೆಳಗೆ ಸೈಜುಗಲ್ಲು ಪೇರಿಸಿ ಮೇಲೆ ಬಾಗಿಲು ಮಲಗಿಸಿದೆವು. ತೇಗವೂ ತಗಡೂ ಒಂದೇ ಮಟ್ಟ. ಅದನ್ನು ನೋಡುವುದಕ್ಕೇ ಹೊಳವನಹಳ್ಳಿಯಿಂದ ಜನ ಬಂದರು. ನಾನು ಸುತ್ತ ಸುತ್ತಿ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು.

ನೀನು ಯಾವ ಕಡೆ ಅಂತ ಹೇಳದಿದ್ದರೂ ನನಗೆ ತಿಳಿಯಿತು. ನಿನ್ನ ವಯಸ್ಸಿನಲ್ಲಿ ಯಾರಿಗೆ ದೊಡ್ಡ ವೇದಿಕೆ ಬೇಡ? ಹಾಕಿಸು, ಹತ್ತು, ಚೆನ್ನಾಗಿ ಹಾಡು. ಯಶೋಧರಾ ಟಿಕೆಟ್ ಮಾಡಿಸುತ್ತಾಳೆ, ನಾನೂ ಬಂದು ನೋಡುತ್ತೇನೆ.

ಓಬಳಯ್ಯ

*

ಸೀಗೆಪಾಳ್ಯ
25 ಆಗಸ್ಟ್ 2025

ತಾತ,

ನಿಮ್ಮ ಕಾಗದವನ್ನು ಪೋಸ್ಟ್‌ಮ್ಯಾನ್ ಕೈಯಿಂದ ತೆಗೆದುಕೊಂಡು ರಸ್ತೆಯಲ್ಲೇ ನಿಂತು ಓದಿದೆ. ಮತ್ತೊಂದು ಸಲ ಓದಿದೆ, ಎಲ್ಲಾದರೂ ‘ಇದು ತಮಾಷೆಗೆ’ ಅಂತ ಇದೆಯೇನೋ ಎಂದು. ಇರಲಿಲ್ಲ.

ನಾನು ವೇದಿಕೆ ಬೇಡ ಅನ್ನುವ ಕಡೆಯವಳು. ಬೇಡ ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವಳು. ‘ಮೊದಲ ಹಬ್ಬದ ಹಾಗೆ’ ಅನ್ನುವ ಮಾತನ್ನು ಸಭೆಯಲ್ಲಿ ಎತ್ತಿದ್ದೂ ನಾನೇ. ಅಷ್ಟಕ್ಕೆ ಸುಮ್ಮನಿರಲಿಲ್ಲ. ‘ಅವತ್ತು ವೇದಿಕೆ ಇದ್ದಿದ್ದೇ ಆದ್ರೆ ನಿನ್ ಪರದೆ ಕಂಬಕ್ಕೆ ಗುಂಡಿ ನಾನೇ ತೋಡ್ತೀನಿ ಬುಡಣ್ಣ’ ಅಂದೆ. ಹಾಗೆ ಮಾತು ಕೊಡು ಅಂತ ಯಾರೂ ಕೇಳಿರಲಿಲ್ಲ.

ಗೆಳತಿ ಚೈತ್ರ, ‘ಬಾಗ್ಲು ಬರೋ ಪುಟ ಬುಟ್ಟು ಓದೇ, ಯಾರಿಗ್ ಗೊತ್ತಾಯ್ತದೆ?’ ಅಂದಳು. ನನಗೆ ಗೊತ್ತಾಗುತ್ತದಲ್ಲ. ಒಂದಕ್ಷರ ಬಿಡದೆ ಓದಿದೆ. ಬಸವೇಶಣ್ಣನ ಕಡೆಯವರು ಶಿಳ್ಳೆ ಹೊಡೆದರು. ಅವನು ಮಾತ್ರ ಎದ್ದು ಬಂದು, ‘ಹಾರೆ ಮನೇಲೈತಾ, ನಾನೇ ಕಳಿಸ್ಲಾ?’ ಅಂತ ಕೇಳಿದ.

ವೇದಿಕೆ ಯಾಕೆ ಬೇಡ ಅಂತ ಈಗಲಾದರೂ ಹೇಳುತ್ತೇನೆ. ಶಾಲೆಯಿಂದ ನನ್ನನ್ನು ಯಾರೂ ಓಡಿಸಲಿಲ್ಲ. ಕೂತಿರಲು ಆಗಲಿಲ್ಲ, ಎದ್ದು ಬಂದೆ. ಹಬ್ಬದಲ್ಲಿ ನನಗೆ ಯಾರೂ ಕೂರು ಅನ್ನುವುದಿಲ್ಲ. ಅರೆ ಬಾರಿಸುವವರ ಹಿಂದೆ ಕುಣಿಯಬಹುದು. ಸೋಬಾನೆಯವರ ನಡುವೆ ನುಗ್ಗಿ ಒಂದು ಸೊಲ್ಲು ಸೇರಿಸಬಹುದು. ಬೇಜಾರಾದರೆ ಕೋಲಾಟದ ಕಡೆಗೆ ಓಡಬಹುದು. ವೇದಿಕೆ ಬಂದರೆ ಎದುರಿಗೆ ಕುರ್ಚಿ ಬರುತ್ತದೆ. ಕುರ್ಚಿ ಬಂದರೆ ಮುಂದಿನ ಸಾಲು ಅಂತ ಒಂದಾಗುತ್ತದೆ. ಅಲ್ಲಿ ಯಾರು ಕೂರುತ್ತಾರೆ, ನಮ್ಮಜ್ಜಿ ಎಲ್ಲಿ ಕೂರುತ್ತಾಳೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಬಾಗಿಲಿನ ಭಾಗ ಓದುವಾಗ ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಬಸವೇಶಣ್ಣನ ಅಮ್ಮ ಇಂದ್ರಮ್ಮನವರೂ ನಗುತ್ತಿದ್ದರು. ಮಲ್ಲಿಕಾರ್ಜುನಯ್ಯನವರು ಕೆಮ್ಮಿಕೊಂಡು ಎದ್ದು ಹೊರಗೆ ಹೋದರು. ಯಾಕೆ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಮನೆಗೆ ಬಂದು ಮತ್ತೆ ಓದಿದೆ. ವೇದಿಕೆ ಕಟ್ಟಿದ್ದನ್ನು ಅಷ್ಟುದ್ದ ಬರೆದಿದ್ದೀರಿ. ಅದರ ಮೇಲೆ ಯಾರು ಹಾಡಿದರು, ಯಾರು ಕುಣಿದರು ಅಂತ ಒಂದು ಸಾಲೂ ಇಲ್ಲ. ಯಾಕೆ ತಾತ?

ಮೊದಲ ಗುಂಡಿ ಮೊಣಕಾಲಿನವರೆಗೆ ಬಂದಿದೆ. ಅಡಿಯಲ್ಲಿ ಬರೀ ನೊರಜುಗಲ್ಲು.

ಭವ್ಯ

*

ಲಿಂಗಸುಗೂರು
2 ಸೆಪ್ಟೆಂಬರ್ 2025

ಭವ್ಯ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಯಶೋಧರಾ ‘ಯಾರಾದ್ರೂ ಹೋಗ್ಬುಟ್ರಾ ಅಪ್ಪ?’ ಅಂತ ಗಾಬರಿಯಾದಳು. ‘ಯಾರೂ ಹೋಗಿಲ್ಲ, ನಾನೇ ಒಂದು ಮಗೂನ ಗುಂಡಿಗಿಳಿಸಿವ್ನಿ’ ಅಂದೆ.

ನಿನ್ನ ಮೊದಲ ಕಾಗದದಲ್ಲಿ ‘ಆಳೆತ್ತರದ ವೇದಿಕೆ, ದೊಡ್ಡ ಪರದೆ’ ಅಂತ ಇದ್ದದ್ದನ್ನು ಓದಿ ನಿನಗೆ ಅದರ ಮೇಲೆ ಆಸೆ ಅಂದುಕೊಂಡೆ. ಮಗುವಿನ ಆಸೆಗೆ ಯಾಕೆ ತಣ್ಣೀರು ಹಾಕಲಿ ಅಂತ ಅರ್ಧಕ್ಕೆ ನಿಲ್ಲಿಸಿದೆ. ಬರೆದದ್ದೆಲ್ಲ ನಿಜ. ಉಳಿದದ್ದು ಇದು: ವೇದಿಕೆ ಇತ್ತು, ಯಾರೂ ಹತ್ತಲಿಲ್ಲ.

ಇಂದ್ರಮ್ಮನವರು ಬಾಗಿಲು ಕೊಡುವ ಮೊದಲು ಅದಕ್ಕೆ ಅರಿಶಿನ ಹಚ್ಚಿ ಕುಂಕುಮ ಇಟ್ಟರು. ಮನೆಯ ತಲೆಬಾಗಿಲು ಹೊರಗೆ ಹೋಗುತ್ತಿದೆ, ಬರಿದಾಗಿ ಹೇಗೆ ಕಳಿಸುವುದು ಅಂತ. ಅದನ್ನು ನೋಡಿ ಪಕ್ಕದ ಮನೆಯವರು ಇಟ್ಟರು. ನಮ್ಮ ಕೇರಿಯವರು ಬಿಟ್ಟಾರೆಯೇ? ನಿಮ್ಮಜ್ಜಿ ತಗಡಿಗೆ ಅಂಗೈಯಗಲ ಕುಂಕುಮ ಬಳಿದು, ಮೇಲೊಂದು ಚೆಂಡುಹೂವಿನ ಹಾರ ಹಾಕಿ ತಂದಳು. ಎಲ್ಲಾ ಜೋಡಿಸಿ ಮುಗಿಸಿದಾಗ ನಾನು ಕಟ್ಟಿದ್ದು ವೇದಿಕೆ ಥರ ಇರಲಿಲ್ಲ. ಮಲಗಿದ ದೇವರ ಥರ ಇತ್ತು. ನನಗದು ಹೊಳೆಯಲೇ ಇಲ್ಲ.

ಮೊದಲು ಪಟ್ಟನಾಯಕನಹಳ್ಳಿಯ ವೀರಗಾಸೆ. ರೇಣುಕಯ್ಯನವರು ಕತ್ತಿ ಝಳಪಿಸುತ್ತ ಆರ್ಭಟದಿಂದ ಬಂದವರು ವೇದಿಕೆ ಮುಂದೆ ಗಕ್ಕನೆ ನಿಂತರು. ಕತ್ತಿ ಕೆಳಗಿಟ್ಟು ಕೈಮುಗಿದರು. ‘ಓಬಳಯ್ಯ, ಇದು ಜನಗಳ ಮನೆ ತಲೆಬಾಗ್ಲು ಕಣಯ್ಯ. ಇದರ್ ಮೇಲೆ ಕುಣಿ ಅಂತೀಯಲ್ಲ, ನಿಂಗೇನ್ ಬುದ್ಧಿಗಿದ್ಧಿ ಐತಾ?’ ಅಂದರು. ಭೀಮರಾಜುವಿನ ಕೋಲಾಟದವರನ್ನು ಕರೆದೆ. ‘ಬೊಟ್ಟು ಪೆಟ್ಟಿನ ತಲುಪು ಸ್ವಾಮೀ, ಎಟ್ಲಾ ತೊಕ್ಕೇದಿ?’ ಬೊಟ್ಟಿಟ್ಟ ಬಾಗಿಲನ್ನು ತುಳಿಯುವುದು ಹೇಗೆ ಅಂತ. ಕಳ್ಳಂಬೆಳ್ಳದ ಹೆಂಗಸರು ನಕ್ಕು, ‘ನೀನೇ ಮೊದ್ಲು ಹತ್ತಣ್ಣ, ನಿನ್ ಹಿಂದೇನೇ ನಾವು’ ಅಂದರು. ನಾನು ಒಂದು ಕಾಲು ಎತ್ತಿದೆ. ಕೆಳಗೆ ನೋಡಿದರೆ ನಮ್ಮ ಮನೆಯದೇ ಬಾಗಿಲು. ನಮ್ಮವ್ವ ದಿನಾ ಬೆಳಗ್ಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದದ್ದು. ಎತ್ತಿದ ಕಾಲು ಇಳಿಸಿದೆ.

ಕೊನೆಗೂ ಹತ್ತಿದವನು ಒಬ್ಬನೇ. ಮಲ್ಲಿಕಾರ್ಜುನಯ್ಯನವರ ಮಗ, ಆಗ ಎರಡು ವರ್ಷದ ಕೂಸು, ಮೈಮೇಲೆ ಉಡುದಾರ ಬಿಟ್ಟರೆ ಏನೂ ಇಲ್ಲ. ಅಮ್ಮನ ಕಂಕುಳಿನಿಂದ ಜಾರಿ, ಅಂಬೆಗಾಲಿಟ್ಟು ಮೇಲೇರಿ, ನಟ್ಟನಡುವೆ ನಿಂತು, ನಾಲ್ಕು ತಾಲ್ಲೂಕಿನ ಜನರ ಎದುರಿಗೆ ಉಚ್ಚೆ ಹೊಯ್ದ. ಅದೂ ಸ್ವಂತ ಮನೆಯ ಬಾಗಿಲ ಮೇಲೆ. ಜನ ಚಪ್ಪಾಳೆ ತಟ್ಟಿದರು. ಮೊದಲ ಹಬ್ಬದಲ್ಲಿ ವೇದಿಕೆಯ ಮೇಲೆ ನಡೆದ ಕಾರ್ಯಕ್ರಮ ಅದೊಂದೇ. ಉಳಿದದ್ದೆಲ್ಲ ಅದರ ಸುತ್ತ, ನೆಲದ ಮೇಲೆ.

ಇನ್ನೊಂದು ಆಯಿತು. ಸಂಜೆ ಜೋರು ಮಳೆ ಹಿಡಿಯಿತು. ಜನ ಸಿಕ್ಕ ಸಿಕ್ಕ ಮನೆಗೆ ಓಡಿದರು. ನಮ್ಮ ಕಡೆ ನಿನಗೆ ಗೊತ್ತಲ್ಲ, ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಯಾವೂರು, ಯಾರ ಪೈಕಿ ಅಂತ ಕೇಳಿ, ಆಮೇಲೆ ಒಳಗೋ ಜಗಲಿಗೋ ಅಂತ ತೀರ್ಮಾನ. ಅವತ್ತು ನಿಲ್ಲಿಸೋಣ ಅಂದರೆ ಬಾಗಿಲೇ ಇಲ್ಲ. ನಿಮ್ಮಜ್ಜಿ ಕಳ್ಳಂಬೆಳ್ಳದವರ ಜೊತೆ ಓಡಿ ಹೋಗಿ ಮಲ್ಲಿಕಾರ್ಜುನಯ್ಯನವರ ಪಡಸಾಲೆಯಲ್ಲಿ ನಿಂತಿದ್ದಳು. ತಾನು ಒಳಗೆ ನಿಂತಿದ್ದೇನೆ ಅಂತ ಅವಳಿಗೆ ತಿಳಿದದ್ದು ಇಂದ್ರಮ್ಮನವರು ಕಾಫಿ ಲೋಟ ಕೈಗಿಟ್ಟಾಗ. ರೇಣುಕಯ್ಯನವರು ವೀರಗಾಸೆ ವೇಷದಲ್ಲೇ ನಮ್ಮ ಮನೆಯಲ್ಲಿ ಕೂತು ಮುದ್ದೆ ಬಸ್ಸಾರು ಉಂಡರು. ಎಲ್ಲರೂ ಹಾಗಿದ್ದರು ಅಂದರೆ ಸುಳ್ಳಾಗುತ್ತದೆ. ಎರಡು ಮನೆಯವರು ಬಾಗಿಲ ಜಾಗಕ್ಕೆ ಸೀರೆ ಕಟ್ಟಿದರು. ಒಬ್ಬರು ಒರಳುಕಲ್ಲು ಉರುಳಿಸಿ ಅಡ್ಡ ಇಟ್ಟರು. ಅದನ್ನೂ ಬರೆದುಕೋ.

ಮುಂದಿನ ವರ್ಷ ಮಧುಗಿರಿ ಕಡೆಯವರು, ವೇದಿಕೆ ಎಷ್ಟು ದೊಡ್ಡದು ಬೇಕು ಅಂತ ಕೇಳಿದರು. ಬೇಡಪ್ಪ, ಮನೆಗಳ ಬಾಗಿಲು ತೆಗೆದಿಡಿ ಸಾಕು ಅಂದೆ.

ಈ ಕಾಗದವನ್ನೂ ಸಭೆಯಲ್ಲಿ ಓದು. ಗೆಲ್ಲು. ಗುಂಡಿ ಮುಚ್ಚು.

ಓಬಳಯ್ಯ

*

ಸೀಗೆಪಾಳ್ಯ
11 ಸೆಪ್ಟೆಂಬರ್ 2025

ತಾತ,

ಓದಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ನನ್ನ ನಗು ಕೇಳಿಯೇ ಅಜ್ಜಿ ಒಳಗಿನಿಂದ ‘ಉಚ್ಚೆ ತನಕ ಬಂದ್ಯಾ?’ ಅಂತ ಕೇಳಿದಳು. ಇಷ್ಟು ದಿನ ಹೇಳದಿದ್ದದ್ದಕ್ಕೆ ಬೈದರೆ, ‘ಪಾಪ, ಓಬಳಣ್ಣ ಅಷ್ಟು ಆಸೆಯಿಂದ ಕಟ್ಟಿದ್ದ. ಯಾರೂ ಹತ್ಲಿಲ್ಲ ಅಂತ ನಾನೇ ಹೇಳಿ ಅವನ್ ಮಾನ ಕಳೀಲಾ?’ ಅಂದಳು.

ಆದರೆ ಈ ಕಾಗದ ತೋರಿಸಿ ಗೆಲ್ಲಲಾರೆ. ನಾನು ಸಭೆಯಲ್ಲಿ ಅಂದದ್ದು ‘ವೇದಿಕೆ ಇದ್ದಿದ್ದರೆ’ ಅಂತ. ‘ಯಾರಾದರೂ ಹತ್ತಿದ್ದರೆ’ ಅಂತಲ್ಲ. ಸೋತ ಮೇಲೆ ಮಾತು ತಿರುಗಿಸಿದರೆ ನನ್ನ ಮಾತಿಗೆ ಬೆಲೆ ಏನು? ವೇದಿಕೆ ಬರುತ್ತದೆ. ಚರಿತ್ರೆಯಲ್ಲಿ ಮಾತ್ರ ನೀವು ಬರೆದದ್ದೆಲ್ಲ ಇರುತ್ತದೆ.

ಅಷ್ಟನ್ನು ಮೊದಲೇ ಹೇಳಿಬಿಡೋಣ ಅಂತ ಕೊರಟಗೆರೆಗೆ, ಬಸವೇಶಣ್ಣನ ಅಂಗಡಿಗೆ ಹೋದೆ. ಕಾಗದ ಕೊಟ್ಟೆ. ಓದುತ್ತಾ ಓದುತ್ತಾ ಅವನ ಕಿವಿ ಕೆಂಪಾಯಿತು.

‘ಭವ್ಯ, ಇದೊಂದ್ ಬುಟ್ಬುಡು. ಮನೇಲಿ ಹೆಣ್ಣು ನೋಡ್ತಾವ್ರೆ ಕಣಮ್ಮ.’

‘ಎರಡ್ ವರ್ಷದ ಕೂಸು ಉಚ್ಚೆ ಹೊಯ್ದಿದ್ದಕ್ಕೆ ಯಾವ್ ಹೆಣ್ಣು ಬೇಡ ಅಂತಾಳಣ್ಣ?’

‘ಹೆಸರು ಬುಡು. ಯಾವುದೋ ಮಗು ಅಂತ ಬರಿ.’

‘ಯಾವುದೋ ಅಲ್ವಲ್ಲ, ನೀನೇ ಅಲ್ವಾ?’

ಅವನು ಅಂಗಡಿ ಹುಡುಗರನ್ನು ಟೀಗೆ ಕಳಿಸಿದ. ಕುರ್ಚಿ ಹತ್ತಿರ ಎಳೆದುಕೊಂಡು, ‘ಒಂದ್ ಮಾತು. ನೀನು ಆ ಸಾಲು ಬುಡು, ನಾನು ವೇದಿಕೆ ಬುಡ್ತೀನಿ. ಪರದೆನೂ ಬೇಡ, ಕುರ್ಚಿನೂ ಬೇಡ. ಎಲ್ಲಾ ನೆಲದ್ ಮೇಲೆ, ನೀನಂದಂಗೆ. ಆಯ್ತಾ?’ ಅಂದ.

ತಾತ, ಅಲ್ಲಿ ಪೇರಿಸಿಟ್ಟ ಕೆಂಪು ಕುರ್ಚಿಗಳನ್ನು ನೋಡುತ್ತ ನಿಂತೆ. ಒಂದು ಹೂಂ ಅಂದರೆ ಅವು ಅಲ್ಲೇ ಇರುತ್ತಿದ್ದವು. ನನಗೆ ಬೇಕಾದದ್ದು ಅದೇ. ಆದರೆ ಆ ಸಾಲು ಬಿಟ್ಟರೆ ಮೊದಲ ಹಬ್ಬದ ವೇದಿಕೆಯ ಮೇಲೆ ಏನು ನಡೆಯಿತು ಅಂತ ಬರೆಯಲಿ? ಏನೂ ನಡೆಯಲಿಲ್ಲ ಅಂದರೆ ಸುಳ್ಳು. ಇಂಥ ಒಂದು ಸುಳ್ಳು ಒಳಗೆ ಬಿಟ್ಟುಕೊಂಡರೆ ಉಳಿದದ್ದನ್ನು ಯಾರು ನಂಬುತ್ತಾರೆ? ‘ಆಗಲ್ಲಣ್ಣ’ ಅಂದೆ. ಅವನು ಕಾಗದ ಮಡಿಸಿ ಕೈಗೆ ಕೊಟ್ಟ. ತರಿಸಿದ ಟೀ ಮಾತ್ರ ಕೊಡಲಿಲ್ಲ.

ಚೈತ್ರ ಬಾಯಿಗೆ ಬಂದಂತೆ ಬೈದಳು. ‘ಒಂದ್ ಉಚ್ಚೆಗೋಸ್ಕರ ಹಬ್ಬಾನೇ ಕಳ್ದುಬುಟ್ಟೆ’ ಅಂತ. ಇರಬಹುದು. ಗುಂಡಿಗಳೆಲ್ಲ ಮುಗಿದಿವೆ. ಚರಿತ್ರೆಯನ್ನು ಇಪ್ಪತ್ತೊಂದರ ಸಭೆಯಲ್ಲಿ ಓದಬೇಕು. ನೀವು ಬಂದೇ ಬರುತ್ತೀರಿ ಅಲ್ಲವಾ?

ಭವ್ಯ

*

ಲಿಂಗಸುಗೂರು
18 ಸೆಪ್ಟೆಂಬರ್ 2025

ಭವ್ಯ,

ಹಟಮಾರಿ. ತಗಡಿಗೆ ಹಾರ ಹಾಕಿದವಳ ಮೊಮ್ಮಗಳಲ್ಲವೇ.

ಆ ಸಾಲು ನಾನು ಬರೆದದ್ದು. ನಾನೇ ಬೇಡ ಅನ್ನುತ್ತಿದ್ದೇನೆ, ತೆಗೆದುಬಿಡು. ಚೆನ್ನಾಗಿದ್ದ ಹುಡುಗರ ನಡುವೆ ನನ್ನ ಕಾಗದ ಜಗಳ ತಂದಿತು. ಮೊದಲನೆಯದರಲ್ಲಿ ಕಮ್ಮಿ ಬರೆದೆ, ಎರಡನೆಯದರಲ್ಲಿ ಜಾಸ್ತಿ ಬರೆದೆ.

ಟಿಕೆಟ್ ಬೇಡ ಅಂತ ಯಶೋಧರಾಗೆ ಹೇಳಿದ್ದೇನೆ. ಅಲ್ಲಿಗೆ ಬಂದರೆ ಕಬ್ಬಿಣದ ವೇದಿಕೆ ಮುಂದೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಶಾಲು ಹೊದಿಸುತ್ತಾರೆ. ಮೈಕಿನಲ್ಲಿ ಹೇಳುವುದೇನೂ ನನಗೆ ಕೇಳಿಸುವುದಿಲ್ಲ. ನೆಲದಲ್ಲಾದರೆ ಅರೆಯ ಸದ್ದು ಅಂಗಾಲಿಗೆ ತಿಳಿಯುತ್ತದೆ. ಕುರ್ಚಿಯಲ್ಲಿ ಕೂತು ಏನು ಮಾಡಲಿ? ನೀವೇ ಚೆನ್ನಾಗಿ ಮಾಡಿ.

ಓಬಳಯ್ಯ

*

ಸೀಗೆಪಾಳ್ಯ
27 ಸೆಪ್ಟೆಂಬರ್ 2025

ತಾತ,

ನಿಮ್ಮ ಕಾಗದ ಬರುವಷ್ಟರಲ್ಲಿ ಸಭೆ ಮುಗಿದಿತ್ತು. ಬೇಗ ಬಂದಿದ್ದರೂ ಆ ಸಾಲು ತೆಗೆಯುತ್ತಿರಲಿಲ್ಲ.

ಸಭೆಗೆ ಊರೆಲ್ಲ ಸೇರಿತ್ತು. ನಾನು ಚರಿತ್ರೆ ಓದತೊಡಗಿದೆ. ಟೈರು ಪಂಚರ್ ಆಯಿತು, ಬಾಗಿಲು ಬಂದವು, ರೇಣುಕಯ್ಯನವರು ಕತ್ತಿ ಕೆಳಗಿಟ್ಟರು, ನೀವು ಕಾಲು ಇಳಿಸಿದಿರಿ. ಅಷ್ಟು ಹೊತ್ತಿಗೆ ಬಸವೇಶಣ್ಣ ಎದ್ದು ನೇರ ನನ್ನ ಹತ್ತಿರ ಬಂದ. ಕಿತ್ತು ಹರಿಯುತ್ತಾನೆ ಅಂದುಕೊಂಡೆ. ‘ಕೊಡಿಲ್ಲಿ, ಇದು ನಂದು’ ಅಂತ ಪುಟ ತೆಗೆದುಕೊಂಡು ಉಳಿದದ್ದನ್ನು ತಾನೇ ಓದಿದ. ಓದಿದ್ದಲ್ಲ, ಆಡಿ ತೋರಿಸಿದ. ಅಂಬೆಗಾಲಿಟ್ಟದ್ದು, ನಟ್ಟನಡುವೆ ನಿಂತದ್ದು, ಎಲ್ಲಾ. ಜನ ಬಿದ್ದು ಬಿದ್ದು ನಕ್ಕರು. ಇಂದ್ರಮ್ಮನವರು ಕಣ್ಣೊರೆಸಿಕೊಳ್ಳುತ್ತ, ‘ಆ ತಾವರೆ ಕೆತ್ತನೆ ಸಂದೀಲಿ ಹೋಗಿತ್ತು ಕಣ್ರೋ, ಉಜ್ಜಿ ಉಜ್ಜಿ ಸಾಕಾಗಿತ್ತು ನಂಗೆ’ ಅಂದರು.

ಆಮೇಲೆ ಅವನು ಕಾಫಿ ಲೋಟದ ಭಾಗಕ್ಕೆ ಬಂದ. ಅಲ್ಲಿ ಅವನ ದನಿ ಬೇರೆಯಾಯಿತು. ಸೀರೆ ಕಟ್ಟಿದ್ದು, ಒರಳುಕಲ್ಲು ಇಟ್ಟದ್ದು, ಅದನ್ನೂ ಓದಿದ. ಯಾರ ಮನೆ ಅಂತ ಯಾರೂ ಕೇಳಲಿಲ್ಲ. ಓದಿ ಮುಗಿಸಿ ಪುಟ ನನಗೆ ಕೊಟ್ಟು ಹೇಳಿದ: ‘ವೇದಿಕೆ ವಿಷ್ಯದಲ್ಲಿ ಗೆದ್ದೋನು ನಾನು. ಗೆದ್ದಿದ್ದ ಬುಡಲ್ಲ. ಮೊದಲ್ನೇ ಹಬ್ಬದಂಗೇ ಅಂತ ಮಾತಾಗೈತೆ, ಅಂಗೇ ಆಗ್ಲಿ. ಬಾಗ್ಲು ತನ್ನಿ. ಮೊದಲ್ನೇದು ನಮ್ಮನೇದು.’

ಚಿಕ್ಕನರಸಯ್ಯ ಮಾವ ಮೆಲ್ಲಗೆ, ‘ಈಗಿನ ಬಾಗ್ಲು ಸ್ಕ್ರೂ ಹೊಡೆದ ಹಿಂಜಿಂದು ಕಣಪ್ಪ, ಬಿಚ್ಚಿದ್ರೆ ಮತ್ತೆ ಸರ್ಯಾಗಿ ಕೂರಲ್ಲ’ ಅಂದರು. ಅಜ್ಜಿ ಬಿಡುತ್ತಾಳಾ? ‘ಉಚ್ಚೆ ಹೊಯ್ದೋನೇ ಎರಡನೇ ಸಲ ಕೊಡ್ತಾವ್ನೆ, ನಿಂದೇನ್ಲಾ?’ ಅಂದಳು. ಮಾವ ಕೊಡುತ್ತೇನೆ ಅಂದರು. ಮಾರನೆಯ ದಿನ ಬಚ್ಚಲಿನ ಪ್ಲಾಸ್ಟಿಕ್ ಬಾಗಿಲು ಹೊತ್ತುಕೊಂಡು ಬಂದರು. ‘ಬಚ್ಚಲು ಬಾಗ್ಲಿಗೆ ಕುಂಕುಮ ಇಡಾಕಾಯ್ತದೇನ್ಲಾ, ತಲೆಬಾಗ್ಲು ತತ್ತಾ ಹೋಗು’ ಅಂತ ಅಜ್ಜಿ ವಾಪಸ್ ಓಡಿಸಿದಳು. ಈಗ ಯಾರ ಬಾಗಿಲು ಬರಬೇಕು, ಯಾವುದು ಬೇಡ ಅಂತ ನೋಡುವವಳು ಅವಳೇ. ಕೆಲವರು ಕೊಡುವುದಿಲ್ಲ ಅಂದಿದ್ದಾರೆ. ಅದನ್ನು ಚರಿತ್ರೆಯಲ್ಲಿ ಬರೆದೆ.

ಕಲಾವಿದರು ಉಳಿದುಕೊಳ್ಳಲು ಈಚಿನ ವರ್ಷಗಳ ಹಾಗೆ ಶಾಲೆಯ ಕೋಣೆ ಕೇಳಿದ್ದರು. ಬೇಡ, ಮನೆಗಳಲ್ಲೇ ಇರಲಿ ಅಂತ ಇಂದ್ರಮ್ಮನವರೇ ಹೋಗಿ ಹೇಳಿ ಬಂದರು. ನಾನು ತೋಡಿದ ಗುಂಡಿಗಳಿಗೆ ಪರದೆಯ ಕಂಬದ ಬದಲು ಬಲ್ಬಿನ ಸರದ ಕಂಬ ಬಂದಿದೆ. ಕಬ್ಬಿಣದ ವೇದಿಕೆ, ಕೆಂಪು ಕುರ್ಚಿಗಳು ಎರಡೂ ಕೊರಟಗೆರೆಯಲ್ಲೇ ಇವೆ. ಬಸವೇಶಣ್ಣ ಮೊನ್ನೆ ಅಂಗಡಿಗೆ ಕರೆದು ಟೀ ಕೊಡಿಸಿದ. ‘ಹೆಣ್ಣಿನ ಕಡೆಯೋರು ಹಬ್ಬಕ್ಕೆ ಬರ್ತಾವ್ರೆ. ಆ ಪುಟ ಅವರಿಗೆ ನಾನೇ ಓದ್ತೀನಿ, ನೀನ್ ಬಾಯ್ ಹಾಕ್ಬ್ಯಾಡ’ ಅಂದ.

ಈ ಸಲ ವೇದಿಕೆಯನ್ನು ಯಾರಾದರೂ ಹತ್ತುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಾರೆ. ಅದಕ್ಕೇ ಕೊನೆಯ ಪುಟ ಖಾಲಿ ಬಿಟ್ಟಿದ್ದೇನೆ.

ಯಶೋಧರಾ ಅಕ್ಕನಿಗೆ ಫೋನ್ ಮಾಡಿ ಟಿಕೆಟ್ ಮಾಡಿಸಲು ಹೇಳಿದ್ದೇನೆ, ನಿಮ್ಮನ್ನು ಕೇಳದೆ. ಚಪ್ಪಲಿ ಬಿಟ್ಟು ನಿಲ್ಲಲು ಅರೆಯವರ ಪಕ್ಕದಲ್ಲೇ ಜಾಗ ಇದೆ. ಬಾಗಿಲುಗಳನ್ನು ಹತ್ತನೇ ತಾರೀಕಿಗೇ ಬಿಚ್ಚುತ್ತಾರೆ. ಬಸ್ಸಿಳಿದು ಯಾರ ಮನೆಗೆ ಹೋಗಲಿ ಅಂತ ಯೋಚಿಸಬೇಡಿ, ಹತ್ತಿರದ ಮನೆಗೆ ನಡೆಯಿರಿ. ತಟ್ಟಲು ಬಾಗಿಲು ಇರುವುದಿಲ್ಲ.

ಭವ್ಯ